ಬಲಗಡೆಯ ಗೋಡೆ

ಕೌಸಲ್ಯಾಬಾಯಿ ಈಜು ಕಲಿತ ಬಾವಿ ಡಾಬಕಾ ಹಳ್ಳಿಯಲ್ಲಿ, ಅವರ ಕೇರಿಯ ಹಿಂದೆ ಇತ್ತು. ಊರ ಬಾವಿಗೆ ಅವರ ಜನ ಹಗ್ಗ ಬಿಡುವಂತಿರಲಿಲ್ಲ. ಹಾಗಾಗಿ ಅವಳ ಅಜ್ಜ ಅಣ್ಣತಮ್ಮಂದಿರನ್ನು ಕೂಡಿಸಿಕೊಂಡು ಎರಡು ಬೇಸಿಗೆ ನೆಲ ಅಗೆದಿದ್ದ. ಮೇಲೆ ಎರೆಮಣ್ಣು, ಕೆಳಗೆ ಕರಿಕಲ್ಲು. ಕಲ್ಲು ಒಡೆಯಲು ಅವರ ಹತ್ತಿರ ಇದ್ದದ್ದು ಸುತ್ತಿಗೆ, ಹಾರೆ, ಮೈಯ ಬಲ. ಆದ್ದರಿಂದ ಆಳಕ್ಕೆ ಹೋದಂತೆ ಬಾವಿ ಕಿರಿದಾಗುತ್ತ ಹೋಯಿತು. ಕಡೆಗೆ ನೀರು ಬಂತು. ಬಂದ ನೀರು ಸವಳು, ಬಾಯಿಗೆ ಉಪ್ಪು.

ಆಮೇಲೆ ಕೇರಿಯವರು ಆ ನೀರಲ್ಲಿ ಬಟ್ಟೆ ಒಗೆದರು, ಎಮ್ಮೆಗಳ ಮೈ ತೊಳೆದರು. ಕುಡಿಯುವುದಕ್ಕೆ ಮೊದಲಿನ ಹಾಗೆ ಹಳ್ಳದ ಮರಳಲ್ಲಿ ವರತೆ ತೋಡಿಕೊಂಡರು. ಲಾಭವಾದದ್ದು ಮಕ್ಕಳಿಗೆ. ಕುಡಿಯುವ ನೀರಲ್ಲವಾದ್ದರಿಂದ ಅದರಲ್ಲಿ ಈಜಿದರೆ ಯಾರೂ ಬೈಯುತ್ತಿರಲಿಲ್ಲ.

ಕೌಸಲ್ಯಾಬಾಯಿಯ ಅಪ್ಪ ಅವಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ಬಿಟ್ಟ. ಹೇಳಿಕೊಟ್ಟದ್ದು ಒಂದೇ ಮಾತು: “ಗ್ವಾಡಿ ಬಲಗೈಗೆ ಇರಲಿ. ತಿರುಗ್ತಾ ಇರು. ದಣಿವಾದ್ರ ಹಿಡಕೋ.” ಅವಳು ತಿರುಗಿದಳು. ಬುರುಡೆ ಬಿಚ್ಚಿದ ಮೇಲೂ ತಿರುಗಿದಳು. ಕೈ ನೀರಿಗೆ ಬಡಿದ ಸದ್ದು ಕಲ್ಲಿಗೆ ತಾಗಿ ಮರಳಿ ಕಿವಿಗೆ ಬರುತ್ತಿತ್ತು. ಸವಳು ಉರಿಯುತ್ತದೆಂದು ಅವಳು ಕಣ್ಣು ಮುಚ್ಚಿಯೇ ಈಜುವಳು. ಬಾವಿ ಸಣ್ಣದು, ಸುತ್ತು ಬಹಳ. ಎಡಕ್ಕೆ ತಿರುಗುತ್ತ, ತಿರುಗುತ್ತ ಮೈಗೆ ಅದೇ ಅಭ್ಯಾಸವಾಯಿತು.

ಮುಂದೆ ಮದುವೆಯಾಯಿತು. ಗಂಡ ಮಚ್ಛೇಂದ್ರ ಭಾಲ್ಕಿಯಲ್ಲಿ ರೈಲು ಹಳಿಯ ಗ್ಯಾಂಗ್‌ಮನ್. ಹಳಿಯ ಕೆಳಗೆ ಜಲ್ಲಿ ಕೂಡಿಸುವುದು, ಸಡಿಲಾದ ಬೋಲ್ಟು ಬಿಗಿಯುವುದು, ದಿನವೂ ಹಳಿಯ ಗುಂಟ ನಡೆದು ನೋಡಿ ಬರುವುದು ಅವನ ಕೆಲಸ. ಮಾತು ಕಡಿಮೆ. ನಿಲ್ದಾಣದ ಹಿಂದಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವರಿಗೆ ಒಂದು ಖೋಲಿ ಸಿಕ್ಕಿತು. ಅಲ್ಲಿ ಎಲ್ಲರಿಗೂ ಒಂದೇ ನಲ್ಲಿ. ನಲ್ಲಿ ಯಾರ ಜಾತಿಯನ್ನೂ ಕೇಳುತ್ತಿರಲಿಲ್ಲ. ಕೇಳಬೇಕೆನಿಸಿದವರು ತಮ್ಮ ಕೊಡವನ್ನು ಇನ್ನೊಮ್ಮೆ ತೊಳೆದುಕೊಳ್ಳುತ್ತಿದ್ದರು.

ಪಕ್ಕದ ಖೋಲಿಯಲ್ಲಿ ಹಾವಗೆಪ್ಪ ಇದ್ದ. ನಿಲ್ದಾಣದ ಪೋರ್ಟರ್. ಗಾಡಿ ಬಂದು ನಿಂತ ಕೂಡಲೇ ಡಬ್ಬಿಗಳ ಉದ್ದಕ್ಕೂ ನಡೆಯುತ್ತ ಊರ ಹೆಸರು ಕೂಗುವುದು ಅವನ ಕೆಲಸಗಳಲ್ಲಿ ಒಂದು. “ಭಾಲ್ಕೀ… ಭಾಲ್ಕೀ…” ಎಂದು ಅವನು ಕೂಗಿದರೆ ಬಜಾರಿನಲ್ಲಿ ಕೂತವರಿಗೂ ಗಾಡಿ ಬಂದದ್ದು ತಿಳಿಯುತ್ತಿತ್ತು. ನಿದ್ದೆ ಹೋದವರು ಇಳಿಯದೆ ಮುಂದಿನ ಊರಿಗೆ ಹೋದರೆಂಬ ದೂರು ಅವನ ಪಾಳಿಯಲ್ಲಿ ಎಂದೂ ಬಂದಿರಲಿಲ್ಲ. ಅವನ ಹೆಂಡತಿ ಗುಂಡಮ್ಮ ಸಂತಪುರದವಳು. ಮೊದಮೊದಲು ಕೊಡವನ್ನು ಇನ್ನೊಮ್ಮೆ ತೊಳೆಯುತ್ತಿದ್ದವರಲ್ಲಿ ಅವಳೂ ಇದ್ದಳು. ಒಂದು ಮಳೆಗಾಲದ ಜ್ವರದಲ್ಲಿ ಅವಳ ಮನೆಗೆ ಎರಡು ಹೊತ್ತು ಗಂಜಿ ಬಂದದ್ದು ಕೌಸಲ್ಯಾಬಾಯಿಯ ಒಲೆಯಿಂದ. ಅಲ್ಲಿಂದ ಮುಂದೆ ಇಬ್ಬರೂ ಒಂದೇ ಬೀಸುವ ಕಲ್ಲಿಗೆ ಕೂತರು; ಹಾವಗೆಪ್ಪನಿಗೂ ಅವಳು ‘ವೈನಿ’, ಅತ್ತಿಗೆಯಾದಳು.

1956ರ ನವೆಂಬರ್ ಒಂದರಂದು ಹೈದರಾಬಾದ ರಾಜ್ಯ ಒಡೆದು ಬೀದರ ಜಿಲ್ಲೆ ಹಂಚಿಹೋಯಿತು. ಉದಗೀರ, ನಿಲಂಗಾ ಕಡೆ ಮುಂಬಯಿ ರಾಜ್ಯಕ್ಕೆ; ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ; ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರು ರಾಜ್ಯಕ್ಕೆ. ಕೌಸಲ್ಯಾಬಾಯಿಯ ತವರು ಮೈಸೂರಿನಲ್ಲಿ ಉಳಿಯಿತು, ಅವಳ ಅಕ್ಕನ ಊರು ಗಡಿಯಾಚೆ ಹೋಯಿತು. ಆ ವರ್ಷವೇ ಡಾಬಕಾದ ಅವರ ಕೇರಿ ಬೌದ್ಧ ದೀಕ್ಷೆಯನ್ನೂ ತೆಗೆದುಕೊಂಡಿತು. “ಧರ್ಮಾನೂ ಬದಲಾತು, ರಾಜ್ಯಾನೂ ಬದಲಾತು. ಗಂಡ ಒಬ್ಬನ ಉಳದಾನ ನೋಡ ತಂಗಿ,” ಎಂದು ಗುಂಡಮ್ಮ ನಗೆಯಾಡಿದಳು.

ರಾಜ್ಯ ಕೂಡಿದ ಸಂತೋಷಕ್ಕೆ ಭಾಲ್ಕಿಯಲ್ಲಿ ಆಟೋಟಗಳು ಏರ್ಪಾಡಾದವು. ಊರಾಚೆಯ ಕೆರೆ ತುಂಬಿತ್ತು. ಹಾಗಾಗಿ ಈಜಿನ ಸ್ಪರ್ಧೆಯೂ ಇತ್ತು. ಈಚೆಯ ಕಟ್ಟೆಯಿಂದ ಆಚೆ ದಂಡೆಯ ಹುಣಸೆಮರದವರೆಗೆ. ಈಜು ಬಲ್ಲವರು ಯಾರಾದರೂ ಬರಬಹುದೆಂದು ಡಂಗುರ ಸಾರಿದ್ದರು. ಗ್ಯಾಂಗಿನವರು ಮಚ್ಛೇಂದ್ರನನ್ನು ಕೆಣಕಿದರು: ನಿನ್ನ ಹೆಂಡತಿ ಬಾವಿಯಲ್ಲಿ ಮೀನಿದ್ದಂತೆ ಅನ್ನುತ್ತೀಯಲ್ಲ, ಇಳಿಸು ನೋಡೋಣ. ಅವನು ಮನೆಗೆ ಬಂದು ಹೇಳಿದ. ಅವಳು ಕಚ್ಚೆ ಬಿಗಿದು ಬಂದು ಐದು ಮಂದಿ ಗಂಡಸರ ಸಾಲಿನ ಕೊನೆಗೆ ನಿಂತಳು.

ಬಾವಿಯ ಅಭ್ಯಾಸದಂತೆ ಕಣ್ಣು ಮುಚ್ಚಿ ಈಜುತ್ತ ಅರ್ಧ ಕೆರೆಯವರೆಗೆ ಅವಳೇ ಮುಂದಿದ್ದಳು. ಕಟ್ಟೆಯ ಮೇಲೆ ಗ್ಯಾಂಗಿನವರು ರುಮಾಲು ಬೀಸತೊಡಗಿದ್ದರು. ಅಷ್ಟರಲ್ಲಿ ಅವಳ ದಾರಿ ಎಡಕ್ಕೆ ವಾಲಿತು. ಇನ್ನಷ್ಟು ವಾಲಿತು. ಗಂಡಸರು ಹುಣಸೆಮರದ ಕಡೆ ಹೋಗುತ್ತಿದ್ದರೆ ಅವಳು ಅದೇ ಜೋರಿನಲ್ಲಿ ದೊಡ್ಡದೊಂದು ಸುತ್ತು ಹಾಕಿ, ಕೈಗೆ ಮಣ್ಣು ತಾಗಿದ್ದೇ ಗೆದ್ದೆನೆಂದು ಎದ್ದು ನಿಂತಳು. ಕಣ್ಣು ಬಿಟ್ಟು ನೋಡಿದರೆ ಎದುರಿಗಿದ್ದದ್ದು ಹುಣಸೆಮರವಲ್ಲ, ಹೊರಟ ಕಟ್ಟೆಯೇ.

ಆಗ ಹಾವಗೆಪ್ಪನ ಗಂಟಲು ಎದ್ದಿತು: “ವೈನೀ, ಎಣ್ಣಿ ಎಷ್ಟ ಬಂತ್ರೀ?”

ಇಡೀ ಕಟ್ಟೆ ನಕ್ಕಿತು. ಸಂಜೆಯೊಳಗೆ ಅವಳಿಗೆ ‘ಗಾಣದೆತ್ತು’ ಎಂದು ಹೆಸರು ಬಿದ್ದಿತ್ತು. ಹಾವಗೆಪ್ಪ ಇಟ್ಟ ಹೆಸರು ಊರ ತುಂಬ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಆ ಗಂಟಲೇ ಅಂಥದ್ದು.

ಕೌಸಲ್ಯಾಬಾಯಿ ಮೊದಲು ತಾನೂ ನಕ್ಕಳು. ಬಜಾರಿನಲ್ಲಿ ಬಳೆಗಾರ ಆ ಹೆಸರು ಹಿಡಿದು ಕರೆದಾಗಲೂ ನಕ್ಕು ಮುಂದೆ ನಡೆದಳು. ಮಗಳು ವಿಮಲಾ ಸಾಲೆಯಿಂದ ಅಳುತ್ತ ಬಂದ ದಿನ ನಗು ನಿಂತಿತು. ಸಾಲೆಯಲ್ಲಿ ಹುಡುಗಿಗೆ ‘ಗಾಣದ ಕರು’ ಎಂದು ಹೆಸರಿಟ್ಟಿದ್ದರು. ಹಾಜರಿ ಕರೆಯುವಾಗ ಹಿಂದಿನ ಸಾಲಿನವರು ಕಿರ್‍ರೆಂದು ಗಾಣದ ಸದ್ದು ಮಾಡುತ್ತಿದ್ದರು. ನಾಳೆಯಿಂದ ಹೋಗುವುದಿಲ್ಲ ಎಂದು ಅವಳು ಬರೆಯುವ ಪಾಟಿಯನ್ನು ಗೋಡೆಯ ಗೂಡಿನಲ್ಲಿಟ್ಟಳು. ಅವರ ಮನೆತನದಲ್ಲಿ ಸಾಲೆಗೆ ಹೋದ ಮೊದಲ ಹೆಣ್ಣು ಅದು.

ಮರುದಿನ ಕೌಸಲ್ಯಾಬಾಯಿ ನಲ್ಲಿಯ ಹತ್ತಿರವೇ ಹಾವಗೆಪ್ಪನನ್ನು ತಡೆದಳು.

“ಹಾವಗೆಪ್ಪಣ್ಣ, ನನಗ ಏನರೆ ಅನ್ರಿ. ಕೂಸಿನ ತನಕ ಯಾಕ ಹೋತ್ರಿ ಅದು?”

ಹಾವಗೆಪ್ಪ ಕೆಟ್ಟವನಲ್ಲ. ವಿಷಯ ಕೇಳಿ ಅವನ ಮುಖ ಸಣ್ಣದಾಯಿತು. ಆದರೆ ಅಲ್ಲಿ ನಾಲ್ಕು ಜನ ನೀರಿಗೆ ನಿಂತಿದ್ದರು.

“ಹೆಸರ ಕೊಟ್ಟಾವ ನಾನ. ತೆಗಿಯಾವನೂ ನಾನ. ಆದ್ರ ಸುಮ್ನ ಹ್ಯಾಂಗ ತೆಗೀಲ್ರಿ, ವೈನಿ? ಮಂದಿ ಮುಂದ ಬಿದ್ದ ಹೆಸರು. ಒಮ್ಮಿ ನೆಟ್ಟಗ ಈಸಿ ತೋರಸ್ರಿ. ಗಾಡಿ ನಿಂತಾಗ ಎಲ್ಲಾ ಡಬ್ಬಿ ಮುಂದ ನಿಂತು ನಾನ ಕೂಗ್ತೇನಿ, ಕೌಸಲ್ಯಾಬಾಯಿ ನೆಟ್ಟಗ ಈಸ್ಯಾಳ ಅಂತ.”

“ಆಗ್ಲಿಲ್ಲಂದ್ರ?”

“ಆಗ್ಲಿಲ್ಲಂದ್ರ ಆ ಹೆಸರಿಗಿ ಓ ಅನಬೇಕ್ರಿ ಮತ್ತ.”

“ಎಲ್ಲಿ ಈಸ್ಲಿ? ಕೆರಿ ತಳ ಕಂಡದ.”

ನಿಜವಾಗಿತ್ತು, ಆ ವರ್ಷ ಕೆರೆ ಸಂಕ್ರಾಂತಿಗೇ ಕೆಸರಾಗಿತ್ತು. ಮಾತಿಗೆ ಮಚ್ಛೇಂದ್ರ ಸೇರಿದ. ರೈಲ್ವೆಯವರಿಗೆ ವರ್ಷಕ್ಕೊಮ್ಮೆ ಹೆಂಡಿರು ಮಕ್ಕಳೊಡನೆ ಎಲ್ಲಿಗೆ ಬೇಕಾದರೂ ಹೋಗಿಬರಲು ಪಾಸು ಸಿಗುತ್ತದೆ. ಅವನು ಎಂದೂ ತೆಗೆದುಕೊಂಡಿರಲಿಲ್ಲ. “ಈ ಸಲ ತಗೋತೇನಿ,” ಅಂದ. “ಹಳಿ ಎಲ್ಲಿಗಿ ಮುಗಿತದ ಅಲ್ಲಿ ತನಕ ಹೋಗೋಣು. ಸಮುದ್ರದ ಮ್ಯಾಲ ಗಾಡಿ ದಾಟೋ ಪೂಲು ಅದ ಅಂತ. ನೋಡಬೇಕು.”

“ಕೆರ್‍ಯಾಗ ಆಗಲಾರದ್ದು ಸಮುದ್ರದಾಗ ಆಗ್ತದೇನು?” ಹಾವಗೆಪ್ಪ ನಕ್ಕ.

“ಸಮುದ್ರ ದೊಡ್ಡದಿರ್ತದ,” ಎಂದಳು ಕೌಸಲ್ಯಾಬಾಯಿ. “ನೆಟ್ಟಗ ಹೋಗ್ಲಿಕ್ಕಿ ಜಾಗ ಭಾಳ.”

“ನಾವೂ ಬರ್ತೇವಿ,” ಎಂದು ಗುಂಡಮ್ಮ ಕೊಡ ಎತ್ತಿಕೊಳ್ಳುತ್ತ ಗಂಡನ ಕಡೆ ನೋಡಿದಳು. “ಕೂಗಾಂವಗ ಕಣ್ಣಿಲೆ ನೋಡದ ಹೊರತು ಕೂಗಾಕ ಬರಂಗಿಲ್ಲ. ನೀವೂ ಪಾಸ ತಗೀರಿ.”

ಹೀಗೆ 1957ರ ಮಾರ್ಚಿನಲ್ಲಿ ಭಾಲ್ಕಿಯಿಂದ ನಾಲ್ವರು ರಾಮೇಶ್ವರದ ದ್ವೀಪಕ್ಕೆ ಹೊರಟರು. ಮಕ್ಕಳನ್ನು ಡಾಬಕಾದಲ್ಲಿ ಅಜ್ಜಿಯ ಹತ್ತಿರ ಬಿಟ್ಟರು. ಜೋಳದ ಕಟಿ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಗಂಟು ಕಟ್ಟಿಕೊಂಡರು. ಬೀದರ, ವಿಕಾರಾಬಾದ, ಹೈದರಾಬಾದ ದಾಟಿ ಮದರಾಸು ತಲುಪುವಷ್ಟರಲ್ಲಿ ಗುಂಡಮ್ಮನಿಗೆ ಊರುಗಳ ಲೆಕ್ಕ ತಪ್ಪಿತ್ತು. ಮದರಾಸಿನಿಂದ ಆಚೆ ಹಳಿಗಳ ನಡುವಿನ ಅಂತರ ಕಿರಿದು. “ಹಳಿ ಒಣಗ್ಯಾವ,” ಎಂದ ಮಚ್ಛೇಂದ್ರ. ಅಷ್ಟು ದೂರದಲ್ಲಿ ಅವನು ಆಡಿದ ಮಾತು ಹೆಚ್ಚುಕಡಿಮೆ ಅದೊಂದೇ.

ಪಾಂಬನ್ ಸೇತುವೆಯ ಮೇಲೆ ಗಾಡಿ ಕಾಲ್ನಡಿಗೆಯಷ್ಟು ನಿಧಾನವಾಯಿತು. ಎರಡೂ ಕಡೆ ನೀರು. ಮಚ್ಛೇಂದ್ರ ಬಾಗಿಲಲ್ಲಿ ನಿಂತು ಕೆಳಗೇ ನೋಡುತ್ತಿದ್ದ. ಹಳಿಯ ಕೆಳಗೆ ಜಲ್ಲಿಯಿಲ್ಲ, ಮಣ್ಣಿಲ್ಲ. ಅಡ್ಡಪಟ್ಟಿಗಳ ಸಂದಿಯಲ್ಲಿ ನೇರವಾಗಿ ಸಮುದ್ರ. “ಇಲ್ಲಿ ಗ್ಯಾಂಗಿನವ್ರು ಗಾಡಿ ಬಂದ್ರ ಎಲ್ಲಿ ಸರದು ನಿಂದರತಾರ?” ಎಂದು ತನ್ನಷ್ಟಕ್ಕೆ ಕೇಳಿಕೊಂಡ.

ಗುಂಡಮ್ಮ ಕಿಟಕಿಯ ಸರಳು ಹಿಡಿದು ಕೇಳಿದಳು: “ಅಯ್ಯ, ಇದಕ್ಕ ಆ ಕಡಿ ದಂಡಿ ಎಲ್ಲೆದ?”

“ಆ ಕಡಿ ದಂಡಿ ಸಿಲೋನ್,” ಎಂದ ಹಾವಗೆಪ್ಪ. ಅದನ್ನು ಅವನು ಮದರಾಸಿನಲ್ಲಿ ಕೇಳಿ ಇಟ್ಟುಕೊಂಡಿದ್ದ.

ಪಾಂಬನಿನಲ್ಲಿ ಹಳಿ ಎರಡಾಗಿ ಒಡೆಯುತ್ತದೆ: ಒಂದು ರಾಮೇಶ್ವರಕ್ಕೆ, ಇನ್ನೊಂದು ದ್ವೀಪದ ತುದಿಯ ಧನುಷ್ಕೋಡಿಗೆ. ಅವರು ಪಾಂಬನಿನಲ್ಲೇ ಇಳಿದರು. ನಿಲ್ದಾಣದಿಂದ ಸ್ವಲ್ಪ ನಡೆದರೆ ಮರಳು, ತೆಂಗು, ಮಗುಚಿಟ್ಟ ದೋಣಿಗಳು, ಆಮೇಲೆ ನೀರು. ಕೌಸಲ್ಯಾಬಾಯಿ ನೀರಿನ ಅಂಚಿಗೆ ಹೋಗಿ ನಿಂತಳು. ಮುಂದೆ ಹೋಗಲಿಲ್ಲ. ಹಿಂದಿರುಗಿ ನೋಡಿದಳು.

“ಏನಾತು?” ಎಂದ ಮಚ್ಛೇಂದ್ರ.

“ಇಲ್ಲಿ ಯಾರಿಗಿ ಕೇಳಬೇಕು?”

ಹಾವಗೆಪ್ಪ ದೋಣಿಗೆ ಡಾಂಬರು ಬಳಿಯುತ್ತಿದ್ದ ಒಬ್ಬ ಮುದುಕನ ಹತ್ತಿರ ಹೋದ. ಅವನು ಅಲ್ಲಿನ ಮುಸಲ್ಮಾನ. ಉತ್ತರದ ಯಾತ್ರಿಕರಿಂದ ಹರಕುಮುರುಕು ಹಿಂದುಸ್ತಾನಿ ಕಲಿತಿದ್ದ. ಹಾವಗೆಪ್ಪನಿಗೆ ಬೀದರಿನ ದಖ್ಖನಿ ಇತ್ತು.

“ಚಾಚಾ, ಪಾನೀ ಮೇಂ ಉತರ್ನಾ ಹೈ. ಕಿಸ್ಕು ಪೂಛ್ನಾ?” ನೀರಿಗೆ ಇಳಿಯಬೇಕು, ಯಾರನ್ನು ಕೇಳಬೇಕು ಎಂದು ವಿಚಾರಿಸಿದ.

ಮುದುಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡನೆಯ ಸಲ ಕೇಳಿ ತಿಳಿದಾಗ ಡಾಂಬರಿನ ಕೈಯನ್ನು ನೀರಿನ ಕಡೆ ತೋರಿಸಿ, ಇದಕ್ಕೆ ಮಾಲೀಕ ಯಾರಿದ್ದಾನೆ ಎಂದು ನಕ್ಕ. ಆಮೇಲೆ ಯಾವ ಊರು ಎಂದು ಕೇಳಿದ. ಹಾವಗೆಪ್ಪ ಅಭ್ಯಾಸದಂತೆ “ಹೈದ್ರಾಬಾದ” ಎಂದು, ನಾಲಿಗೆ ಕಚ್ಚಿಕೊಂಡು, “ನಹೀ ನಹೀ, ಮೈಸೂರ್” ಎಂದ. ಓಹೋ ಮೈಸೂರು, ಆನೆ, ಗಂಧದ ಮರ ಎಂದು ಮುದುಕ ತಲೆಯಾಡಿಸಿದ. ಹಾವಗೆಪ್ಪ ಎರಡನ್ನೂ ಕಂಡವನಲ್ಲ. ಆದರೂ ಹೂಂ ಅಂದ.

ಕೌಸಲ್ಯಾಬಾಯಿ ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡಳು. ಉಗುಳಿದಳು. ಅವಳ ಮುಖ ಅರಳಿತು. “ನಮ್ಮ ಬಾವಿ ನೀರ,” ಎಂದಳು. “ಅದರ ಅಕ್ಕ ಇದು.” ಮತ್ತೆ ಕಚ್ಚೆ ಬಿಗಿದು ಇಳಿದಳು.

ಅಲ್ಲಿ ಆದದ್ದು ಕೆರೆಯಲ್ಲಿ ಆದದ್ದೇ. ನೇರ ಹೊರಟವಳು ಎಡಕ್ಕೆ ವಾಲಿ, ಲಂಗರು ಹಾಕಿದ ಒಂದು ದೋಣಿಯನ್ನು ಸುತ್ತಿ, ಇಳಿದ ಜಾಗದ ಹತ್ತಿರವೇ ಎದ್ದಳು. ದೋಣಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅವರು ಅದನ್ನು ಆಟವೆಂದುಕೊಂಡಿದ್ದರು. “ಎಣ್ಣೀ?” ಎಂದು ಹಾವಗೆಪ್ಪ ದಂಡೆಯಿಂದ ಕೇಳಿದ. “ಇನ್ನಾ ಕಾಳ ಹಾಕೀನಿ, ತಡೀರಿ,” ಎಂದಳು ಅವಳು.

ಮರುದಿನ ರಾಮೇಶ್ವರ. ಗುಂಡಮ್ಮ ಗುಡಿಗೆ ಹೋದಳು. ಕೌಸಲ್ಯಾಬಾಯಿ ಹೋಗಲಿಲ್ಲ, ಮೂಡಣ ದಂಡೆಯಲ್ಲಿ ಕೂತಳು. ಅಲ್ಲಿ ಅಲೆಯೇ ಇಲ್ಲ. ಬಹಳ ದೂರದವರೆಗೆ ಸೊಂಟದ ನೀರು, ನೀರಿನ ತುಂಬ ಜನ. ಜನದ ಆಚೆಗೆ ಹೋಗಿ ಈಜಿದರಾಯಿತೆಂದು ಹೋದಳು. ಕಣ್ಣು ಮುಚ್ಚಿ ಈಜಿ, ಎದ್ದಾಗ ಪಿಂಡ ಬಿಡುತ್ತಿದ್ದ ಒಂದು ಕುಟುಂಬದ ನಡುವೆ ಇದ್ದಳು. ಅವರು ಯಾವ ದೇಶದವರೋ. ತಲೆಯ ಮೇಲೆ ಎಳ್ಳು ಅಂಟಿಸಿಕೊಂಡು ಮೇಲೆದ್ದ ಹೆಂಗಸನ್ನು ನೋಡಿ ಅವರ ಅಜ್ಜಿ ಕೈ ಮುಗಿದುಬಿಟ್ಟಳು. ಹಾವಗೆಪ್ಪ ಮರಳಲ್ಲಿ ಹೊರಳಾಡಿ ನಕ್ಕ.

ಆಮೇಲೆ ಬಡಗಣ ದಂಡೆ. ಅಲ್ಲಿ ನೀರಿನ ಅಡಿಯಲ್ಲಿ ಹವಳದ ಕಲ್ಲು. ಮೊಣಕಾಲು ತರಚಿ ರಕ್ತ ಬಂತು. ಆದರೂ ಈಜಿದಳು, ಸುತ್ತಿದಳು, ಬಂದಳು. ಈ ಸಲ ಹಾವಗೆಪ್ಪ ಎಣ್ಣೆ ಕೇಳಲಿಲ್ಲ. ಬೇರೆ ಕಡೆ ನೋಡುತ್ತ ಬೀಡಿ ಹಚ್ಚಿದ. ಅವಳಿಗೆ ತಾಗಿದ್ದು ಅದು. ಚೇಷ್ಟೆ ನಿಂತಿತೆಂದರೆ ಅವನು ಆಸೆ ಬಿಟ್ಟನೆಂದೇ ಅರ್ಥ.

“ನಾಳಿಗಿ ಹಳಿ ಮುಗಿತದ,” ಎಂದ ಮಚ್ಛೇಂದ್ರ. ಪಾಸಿನ ದಿನಗಳೂ ಮುಗಿಯುತ್ತಿದ್ದವು.

ಮುಂದೆ ಚಂಡಮಾರುತಕ್ಕೆ ಅಳಿದ ಧನುಷ್ಕೋಡಿ ಆಗ ಇನ್ನೂ ಜೀವಂತ ಊರು. ನಿಲ್ದಾಣ, ಅಂಚೆ, ಸಿಲೋನಿಗೆ ಹೋಗುವ ಹಡಗಿನ ಕಟ್ಟೆ, ಮೀನಿನ ವ್ಯಾಪಾರ. ಅಲ್ಲಿಂದ ಮೂಡಣಕ್ಕೆ ಮರಳಿನ ನಾಲಿಗೆಯೊಂದು ಚಾಚಿಕೊಂಡಿದೆ. ಅದರ ಎರಡು ಕಡೆಗೂ ಸಮುದ್ರ, ಎರಡೂ ಬೇರೆ ಬೇರೆ. ತೆಂಕಣದ್ದು ಬಡಿಯುತ್ತದೆ, ಬಡಗಣದ್ದು ನೆಕ್ಕುತ್ತದೆ. ತೆಂಕಣದ್ದಕ್ಕೆ ಗಂಡು ಕಡಲು, ಬಡಗಣದ್ದಕ್ಕೆ ಹೆಣ್ಣು ಕಡಲು ಎಂದು ಅಲ್ಲಿನವರ ಹೆಸರು.

“ಗಂಡಾ ಹೆಂಡ್ತಿ ನಡುವ ಇಷ್ಟ ಮರಳರ ಅದಲ್ಲ,” ಎಂದಳು ಗುಂಡಮ್ಮ. “ನಮ್ಮ ಖೋಲ್ಯಾಗ ಅದೂ ಇಲ್ಲ.”

ಕೌಸಲ್ಯಾಬಾಯಿ ಇಳಿಯಲಿಲ್ಲ. ಹೆಣ್ಣು ಕಡಲಿನ ದಂಡೆಯಲ್ಲಿ ಕೂತು ನೀರಿಗೆ ಕಿವಿ ಕೊಟ್ಟಳು. ಒಂದು ಹಿಡಿ ಒದ್ದೆ ಮರಳು ಎಸೆದಳು. ತೊಪ್ಪೆಂದಿತು, ಅಷ್ಟೆ. ಇನ್ನೊಂದು ಹಿಡಿ ಎಸೆದಳು. ಆಮೇಲೆ ಗಂಡನ ಕಡೆ ತಿರುಗಿದಳು.

“ಸಪ್ಪಳ ತಿರುಗಿ ಬರಂಗಿಲ್ಲ ನೋಡ್ರಿ ಇಲ್ಲಿ.”

“ಹಂ?”

“ಬಾವ್ಯಾಗ ಕೈ ಬಡದ್ರ ಗ್ವಾಡಿ ಓ ಅಂತಿತ್ತು. ಅದು ಓ ಅಂದಲ್ಲಿ ಬಲಗಡಿ ಅಂತ ತಿಳಕೊಂಡು ನಾ ಈಸ್ತಿದ್ದೆ. ಕೆರ್‍ಯಾಗೂ ಓ ಅನ್ನಲಿಲ್ಲ, ಇಲ್ಲೂ ಅನ್ನಂಗಿಲ್ಲ. ಗ್ವಾಡಿ ಹುಡುಕ್ಕೋತ ಮೈ ತಿರುಗ್ತದ.” ಅವಳು ದಂಡೆಯ ಉದ್ದಕ್ಕೂ ನೋಡಿದಳು. ಮೂಡಣಕ್ಕೆ ಮುಖ ಮಾಡಿ ಈಜಿದರೆ ನೆಲ ಬಲಗಡೆಗೆ ಬರುತ್ತಿತ್ತು. “ಬಾವ್ಯಾಗ ನೀರು ಒಳಗ, ಕಲ್ಲು ಸುತ್ತ. ಇಲ್ಲಿ ನೆಲ ಒಳಗ, ನೀರು ಸುತ್ತ. ಅಂಗಿ ತಿರುವಿ ಹಾಕಿದಂಗ ಅದ, ಅಷ್ಟ. ನೀವು ದಂಡಿ ಗುಂಟ ನಡೀರಿ. ಗ್ಯಾಂಗಿನಾಗ ಹಳಿ ಎತ್ತುವಾಗ ಹಾಡ್ತೀರಲ್ಲ, ಅದನ್ನ ಹಾಡ್ಕೋತ ನಡೀರಿ. ನೀವ ಗ್ವಾಡಿ ಆಗ್ರಿ.”

ಹಾವಗೆಪ್ಪನಿಗೂ ಕೇಳಿಸಿತು. ಅವನು ಎದ್ದು ಬಂದು ಗುರುತು ಗೊತ್ತುಮಾಡಿದ. ಇಲ್ಲಿ, ಆಳ ನೀರಲ್ಲಿ ಲಂಗರು ಹಾಕಿದ ದೋಣಿ. ಅಲ್ಲಿ, ದೂರದಲ್ಲಿ, ಮೀನುಗಾರರು ಬಲೆ ಕಟ್ಟಲು ನೀರಲ್ಲಿ ನೆಟ್ಟ ಗೂಟಗಳು. ರೈಲಿನವರ ಕಣ್ಣಳತೆಗೆ ನಿಲ್ದಾಣದಿಂದ ಔಟರ್ ಸಿಗ್ನಲ್ಲಿನವರೆಗಿನಷ್ಟು, ಹೆಚ್ಚುಕಡಿಮೆ ಅರ್ಧ ಮೈಲಿ. “ದೋಣಿ ಮುಟ್ಟಿ ಹೊಂಡಬೇಕು, ಗೂಟ ಹಿಡೀಬೇಕು. ನಡುವ ಸುತ್ತಿದ್ರ ಮುಗೀತು. ಭಾಲ್ಕಿಗಿ ಹೋಗಿ ಓ ಅನಬೇಕ್ರಿ, ವೈನಿ.”

“ಹೂಂ,” ಎಂದು ಅವಳು ನೀರಿಗಿಳಿದಳು.

ಮಚ್ಛೇಂದ್ರ ಮೊಣಕಾಲು ನೀರಲ್ಲಿ ನಡೆಯುತ್ತ ಹಾಡತೊಡಗಿದ: “ಜೋರ್ ಲಗಾಕೇ… ಹೈಸಾ!” ದಿನವೂ ಹಳಿಯ ಗುಂಟ ನಡೆದ ಕಾಲು, ನಡಿಗೆ ನೂಲು ಹಿಡಿದಂತೆ ನೇರವಾಗಿತ್ತು. ಹಾಡಿಗೆ ಸರಿಯಾಗಿ ಅವಳ ಕೈ ಏಳುತ್ತಿತ್ತು, ಬೀಳುತ್ತಿತ್ತು. ದೋಣಿ ಹಿಂದೆ ಉಳಿಯಿತು. ಅವಳು ವಾಲಲಿಲ್ಲ. ಬಲೆ ಬಿಡಿಸುತ್ತಿದ್ದ ಮೀನುಗಾರ ಹೆಂಗಸರು ಕೈ ನಿಲ್ಲಿಸಿ ನೋಡಿದರು.

ಅರ್ಧ ದಾರಿಯಲ್ಲಿ ಗಾಳಿ ಎದ್ದಿತು. ಎದುರುಗಾಳಿ. ಗ್ಯಾಂಗಿನಲ್ಲಿ ಹತ್ತು ಮಂದಿಯ ದನಿಯ ಜೊತೆ ಸೇರಿ ದೊಡ್ಡದಾಗಿದ್ದ ಹಾಡು ಒಬ್ಬನ ಬಾಯಲ್ಲಿ ಸಣ್ಣದಾಗಿತ್ತು. ಮಚ್ಛೇಂದ್ರ ಇನ್ನೂ ಜೋರು ಮಾಡಿದ; ಗಂಟಲು ಒಡೆದು ದನಿ ಗಾಳಿಗೆ ಹಾರಿಹೋಯಿತು. ಬಾಯಿ ಆಡುತ್ತಿತ್ತು, ಸದ್ದು ಹೋಗುತ್ತಿರಲಿಲ್ಲ. ನೀರಿನಲ್ಲಿ ಕೌಸಲ್ಯಾಬಾಯಿಯ ತಲೆ ಎಡಕ್ಕೆ ಹೊರಳಿತು. ಕೈ ಒಂದು ಸಲ ತಡವರಿಸಿತು. ಆಮೇಲೆ ದಾರಿ ವಾಲತೊಡಗಿತು, ಎಡಕ್ಕೆ, ಹೊರಸಮುದ್ರದ ಕಡೆಗೆ.

ದಂಡೆಯಲ್ಲಿ ಹಾವಗೆಪ್ಪ ಗೆಲ್ಲುತ್ತಿದ್ದ.

ಗುಂಡಮ್ಮ ಅವನ ರಟ್ಟೆ ಹಿಡಿದು ಜಗ್ಗಿದಳು. “ಏನ್ರಿ, ನಿಮ್ಮ ಗಂಟಲಾ ಎಲ್ಲಿ ಹೋತು? ಮಂದೀದ ಹೆಸರ ಕೆಡಸ್ಲಿಕ್ಕಿ ಅಟ್ಟ ಬರತದೇನು ಅದು?”

ಅವಳು ಮಾತು ಮುಗಿಸುವ ಮೊದಲೇ ಅವನು ಓಡುತ್ತಿದ್ದ. ಚಪ್ಪಲಿ ಒಂದು ಕಡೆ, ಟೊಪ್ಪಿಗೆ ಒಂದು ಕಡೆ. ನೀರಿಗೆ ನುಗ್ಗಿ ಮಚ್ಛೇಂದ್ರನನ್ನು ದಾಟಿ ಮುಂದೆ ಹೋಗಿ, ಎರಡೂ ಕೈ ಬಾಯಿಗೆ ಹಿಡಿದ. ಅವನ ಬಾಯಿಗೆ ಬಂದದ್ದು ಅವನಿಗೆ ಗೊತ್ತಿದ್ದ ಒಂದೇ ಕೂಗು.

“ಭಾಲ್ಕೀ… ಭಾಲ್ಕೀ…”

ಗಾಳಿಯನ್ನು ಸೀಳಿ ಹೋಯಿತು. ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಬೆಳೆದ ಗಂಟಲು ಅದು. ನೀರಿನಲ್ಲಿ ಅವಳ ತಲೆ ಒಮ್ಮೆ ಮೇಲೆದ್ದಿತು. ಬಲಗಡೆಗೆ ಕಿವಿ ಕೊಟ್ಟಿತು. ದಾರಿ ತಿರುಗಿ ನೇರವಾಯಿತು.

ಹಾವಗೆಪ್ಪ ಪ್ಲಾಟ್‌ಫಾರಂ ಮೇಲೆ ನಡೆಯುವಂತೆ ದಂಡೆಯ ಗುಂಟ ನಡೆದ, ಪ್ರತಿ ಡಬ್ಬಿಯ ಮುಂದೆ ಕೂಗುವಂತೆ ಕೂಗಿದ. ಹಿಂದೆ ಗುಂಡಮ್ಮ, ಅವಳ ಹಿಂದೆ ದನಿಯಿಲ್ಲದ ಮಚ್ಛೇಂದ್ರ ಚಪ್ಪಾಳೆ ತಟ್ಟುತ್ತ. ಮೀನುಗಾರ ಹೆಂಗಸರು ಎದ್ದು ನಿಂತಿದ್ದರು. ಭಾಲ್ಕಿ ಎನ್ನುವುದು ಈಜುವವಳ ಹೆಸರೆಂದು ತಿಳಿದು ಅವರೂ ಕೂಗತೊಡಗಿದರು. ಧನುಷ್ಕೋಡಿಯ ದಂಡೆಯ ಉದ್ದಕ್ಕೂ, ಭಾಲ್ಕಿ ಎಲ್ಲಿದೆಯೆಂದು ಗೊತ್ತಿಲ್ಲದ ಜನ “ಭಾಲ್ಕೀ, ಭಾಲ್ಕೀ” ಎಂದು ಕೂಗಿದರು. ಅಷ್ಟು ದೊಡ್ಡ ಗೋಡೆ ಡಾಬಕಾದ ಬಾವಿಗೂ ಇರಲಿಲ್ಲ.

ಕೌಸಲ್ಯಾಬಾಯಿಯ ಕೈ ಗೂಟಕ್ಕೆ ತಾಗಿತು. ಹಿಡಿದುಕೊಂಡಳು. ಕಣ್ಣು ಬಿಟ್ಟು ಮೊದಲು ಹಿಂದೆ ನೋಡಿದಳು. ದೋಣಿ ದೂರದಲ್ಲಿ ಬೆರಳಿನಷ್ಟಾಗಿತ್ತು.

ಹಾವಗೆಪ್ಪನಿಗೆ ಉಸಿರು ಸಾಲುತ್ತಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತು ಕೂಗಿದ: “ಭಾಲ್ಕಿ ಬಂತ್ರಿ ವೈನೀ! ಇಳೀರಿ!”

ದಂಡೆಗೆ ಬಂದ ಮೇಲೆ ಅವನಿಗೆ ತಾನು ಮಾಡಿದ್ದು ಏನೆಂದು ಹೊಳೆದಿರಬೇಕು. ತೊಯ್ದ ಧೋತರ ಹಿಂಡುತ್ತ, “ಇದು ಲೆಕ್ಕಕ್ಕ ಬರ್ತದೋ ಇಲ್ಲೋ? ದಾರಿ ನಾ ತೋರಿಸ್ದಂಗಾತು,” ಎಂದು ಗೊಣಗಿದ.

“ಯಾಕ ಬರಂಗಿಲ್ಲ?” ಎಂದಳು ಗುಂಡಮ್ಮ. “ಕೂಗಿದಾವ್ರು ನೀವು, ಈಸಿದಾಕಿ ಅಕಿ. ಕೂಗಿದ್ರ ಗಾಡಿ ಓಡತಾವೇನು?”

ಕೌಸಲ್ಯಾಬಾಯಿ ಕೂದಲು ಹಿಂಡುತ್ತಿದ್ದಳು. “ಬಾವ್ಯಾಗೂ ಗ್ವಾಡಿ ಈಸ್ತಿರಲಿಲ್ಲ, ಅಣ್ಣ. ಸುಮ್ನ ನಿಂತಿರ್ತಿತ್ತು,” ಎಂದಳು. “ನೀವರ ಓಡಿದ್ರಿ.”

ಮೀನುಗಾರ ಹೆಂಗಸೊಬ್ಬಳು ಬಂದು ಅವಳ ತರಚಿದ ಮೊಣಕಾಲು ನೋಡಿ, ಏನೋ ಎಲೆ ಅರೆದು ಹಚ್ಚಿದಳು. ಅವಳ ಎದೆ ಮುಟ್ಟಿ, “ಭಾಲ್ಕಿ?” ಎಂದು ಕೇಳಿದಳು. ಕೌಸಲ್ಯಾಬಾಯಿ ಗಂಡನ ಮುಖ ನೋಡಿ, ನಕ್ಕು, “ಓ” ಎಂದಳು.

ಮರಳಿ ಬಂದ ದಿನ ಭಾಲ್ಕಿಯಲ್ಲಿ ಹಾವಗೆಪ್ಪನ ಬದಲಿಗೆ ಶರಫೋದ್ದೀನ ಎಂಬವನು ಪಾಳಿಯಲ್ಲಿದ್ದ. ಅವನದು ಸಣ್ಣ ದನಿ. ಡಾಬಕಾದಿಂದ ಅಜ್ಜಿ ಮಕ್ಕಳನ್ನು ಕರೆದುಕೊಂಡು ಬಂದು ಪ್ಲಾಟ್‌ಫಾರಮಿನಲ್ಲಿ ನಿಂತಿದ್ದಳು. ಗಾಡಿ ಇನ್ನೂ ನಿಂತಿರಲಿಲ್ಲ. ಹಾವಗೆಪ್ಪ ಬಾಗಿಲ ಸರಳು ಹಿಡಿದು ಅರ್ಧ ಮೈ ಹೊರಗೆ ಹಾಕಿದ್ದ.

“ಕೌಸಲ್ಯಾಬಾಯಿ ನೆಟ್ಟಗ ಈಸ್ಯಾಳ್ರೀ! ಸಮುದ್ರದಾಗ ಈಸ್ಯಾಳ! ಗಾಣದೆತ್ತು ಅಂದಾವ ನಾನು, ನನ್ನ ಮಾತ ನಾ ನುಂಗೇನಿ!”

ಇಳಿದ ಮೇಲೆ ಮೊದಲ ಡಬ್ಬಿಯಿಂದ ಕೊನೆಯ ಡಬ್ಬಿಯವರೆಗೆ ನಡೆದು ಅದನ್ನೇ ಕೂಗಿದ. ಬೀದರಿನಿಂದ ಬಂದು ಪರಳಿಗೆ ಹೋಗುತ್ತಿದ್ದ, ಏನೂ ಅರಿಯದ ಪ್ರಯಾಣಿಕರು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದರು. ಬಜಾರಿನಲ್ಲಿ ಬಳೆಗಾರನಿಗೂ ಕೇಳಿಸಿತು. ವಿಮಲಾ ಅಜ್ಜಿಯ ಕೈ ಬಿಡಿಸಿಕೊಂಡು ಅವನ ಹಿಂದೆ ಅಷ್ಟೂ ಡಬ್ಬಿಗಳ ಉದ್ದಕ್ಕೆ ನಡೆದಳು. ಸೋಮವಾರ ಗೂಡಿನಿಂದ ಪಾಟಿ ಇಳಿಯಿತು.

ಆ ವರ್ಷ ಮಳೆ ಚೆನ್ನಾಗಿ ಆಯಿತು, ಕೆರೆ ತುಂಬಿತು. ನವೆಂಬರ್ ಒಂದಕ್ಕೆ ರಾಜ್ಯ ಕೂಡಿ ವರ್ಷವಾಯಿತೆಂದು ಮತ್ತೆ ಆಟೋಟ, ಮತ್ತೆ ಈಜು. ಕೌಸಲ್ಯಾಬಾಯಿ ಹಾವಗೆಪ್ಪನನ್ನು ಹುಣಸೆಮರದ ಕೆಳಗೆ ನಿಲ್ಲಿಸಿದಳು. ಆದರೆ ಕೂಗಬಾರದೆಂದು ಹೇಳಿದಳು. ಕಟ್ಟೆಯ ಮೇಲಿದ್ದವರೂ ಸುಮ್ಮನಿದ್ದರು. ಅವಳು ಕಣ್ಣು ಮುಚ್ಚಿ, ಧನುಷ್ಕೋಡಿಯ ಕೂಗನ್ನು ಕಿವಿಯಲ್ಲೇ ಇಟ್ಟುಕೊಂಡು, ನಡುನೀರಿನಲ್ಲಿ ಎಡಕ್ಕೆ ಒಂದಿಷ್ಟೂ ಜಗ್ಗದೆ ಬಂದಳು. ಇಬ್ಬರು ಗಂಡಸರು ಅವಳ ಮುಂದಿದ್ದರು, ಮೂವರು ಹಿಂದೆ. ಹುಣಸೆಯ ಬೇರಿಗೆ ಕೈ ತಾಗಿದಾಗ ಎದ್ದು ನಿಂತು, ಮುಖದ ನೀರು ಒರೆಸಿಕೊಂಡು ಮೇಲೆ ನೋಡಿದಳು. ಹಾವಗೆಪ್ಪ ಬಾಯಿಗೆ ರುಮಾಲು ಒತ್ತಿಕೊಂಡು ನಿಂತಿದ್ದ.

“ಯಾಕ ಹಾವಗೆಪ್ಪಣ್ಣ,” ಎಂದಳು, “ಗಾಡಿ ಬಂದದ್ದು ಕಾಣ್ಲಿಲ್ಲೇನ್ರಿ?”

ಅವನು ರುಮಾಲು ತೆಗೆದು, ಎರಡೂ ಕೈ ಬಾಯಿಗೆ ಹಿಡಿದ.